ಅವಳಿ, ಜವಳಿ, ಗಾಜಿನ ಮೇಲೊಂದು ಕೈ

ಮಾರ್ಚ್ 3, ಸೋಮವಾರ

ಶೋರೂಮಿನವರು ಪುಕ್ಕಟೆಯಾಗಿ ಕೊಟ್ಟ ದಿನಚರಿ ಇದು. ರಟ್ಟಿನ ಮೇಲೆ ಬೂದು ಬಣ್ಣದ ಪಿಕಪ್ಪೊಂದು ಬೆಟ್ಟ ಹತ್ತುತ್ತಿದೆ. ಅಷ್ಟೆತ್ತರದಲ್ಲಿ ಕನ್ನಡಿ ತರಿಸಿಕೊಳ್ಳುವವರು ಯಾರೋ ತಿಳಿಯದು. ಪುಕ್ಕಟೆ ಸಿಕ್ಕಿದ್ದನ್ನು ಖಾಲಿ ಬಿಡುವುದು ನನ್ನ ಜಾಯಮಾನವಲ್ಲ, ಆದ್ದರಿಂದ ಬರೆಯುತ್ತೇನೆ. ಹೊಸ ಪುಸ್ತಕವಾದ್ದರಿಂದ ಪಾತ್ರಪರಿಚಯವೂ ಆಗಿಬಿಡಲಿ.

ನಾನು: ಒಂದು ಕಾಲದಲ್ಲಿ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುತ್ತಿದ್ದವನು. ಕೇಳುವವರು ಕಡಿಮೆಯಾಗಿ ವಿಭಾಗ ಮುಚ್ಚಿತು. ತರ್ಕ ಬಿಟ್ಟು ಟ್ರಕ್ಕಿಗೆ ಬಂದೆ ಎಂದು ಸಿಕ್ಕವರಿಗೆಲ್ಲ ಹೇಳುತ್ತೇನೆ. ಅವರು ಎರಡನೆಯ ಸಲ ಸಿಗದಂತೆ ನೋಡಿಕೊಳ್ಳುತ್ತಾರೆ. ಇವಳು: ನನ್ನ ಹೆಂಡತಿ, ಗಾಜು ಕತ್ತರಿಸುವವಳು. ಮಾತು ಕತ್ತರಿಸುವುದರಲ್ಲೂ ಅದೇ ಕೈಚಳಕ. ಭಾವ: ಇವಳ ಅಣ್ಣ, ಗಾಡಿ ಓಡಿಸುವವರು. ಮಾವನವರು ಬಿಟ್ಟುಹೋದ ಗಾಜು-ಕನ್ನಡಿಯ ಅಂಗಡಿಯನ್ನು ನಾವು ಮೂವರು ನಡೆಸುತ್ತೇವೆ. ಭಾವ ಇದ್ದಲ್ಲಿ ಮಾತಿಗೆ ಅಭಾವ. ಅದನ್ನು ತುಂಬಿಸಲು ನಾನಿದ್ದೇನೆ.

ಹಳೆಯ ಪಿಕಪ್ಪು ಕಳೆದ ವಾರ ಹೋಯಿತು. ಹೋಯಿತು ಎಂದರೆ ಎಲ್ಲಿಗೂ ಹೋಗಲಿಲ್ಲ, ಅದೇ ಅದರ ಕಾಯಿಲೆ. ಮೆಕ್ಯಾನಿಕ್ಕು ಅಡಿಗೆ ತೂರಿ ಹೊರಬಂದು, "ಇಂಜಿನ್ ರಿಪೇರಿ ಮಾಡಬಹುದು. ಆದ್ರೆ ಇಂಜಿನ್ ಕೂರೋದಕ್ಕೆ ಗಾಡಿ ಅಂತ ಒಂದು ಬೇಕಲ್ಲ" ಎಂದ. ತಳವನ್ನೆಲ್ಲ ತುಕ್ಕು ತಿಂದಿತ್ತು. ಭಾವ ಬಾನೆಟ್ಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಿದ್ದು, ಒಳಗಿದ್ದ ಗಾಜು ಒರೆಸುವ ಹಳದಿ ಬಟ್ಟೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಅಷ್ಟೇ ಶೋಕಾಚರಣೆ.

ಈಗ ಅಂತಿಮ ಸುತ್ತಿಗೆ ಎರಡು ಮಧ್ಯಮ ಗಾತ್ರದ ಪಿಕಪ್ಪುಗಳು ಬಂದಿವೆ. ಬಿಳಿಯದಕ್ಕೆ ಅವಳಿ, ಬೂದು ಬಣ್ಣದ್ದಕ್ಕೆ ಜವಳಿ ಎಂದು ನಾನೇ ಹೆಸರಿಟ್ಟಿದ್ದೇನೆ. ಹಿಂದೆ ಸಾಮಾನು ಹೇರಲು ಅಷ್ಟೇ ಉದ್ದದ ತೊಟ್ಟಿ, ಅಷ್ಟೇ ಭಾರ ಹೊರುವ ಶಕ್ತಿ, ಅದೇ ಡೀಸೆಲ್ ಹಸಿವು, ಹೆಚ್ಚುಕಡಿಮೆ ಅದೇ ಬೆಲೆ. ಎರಡರ ಕರಪತ್ರದಲ್ಲೂ 'ತನ್ನ ವರ್ಗದಲ್ಲೇ ಪ್ರಥಮ' ಎಂದಿದೆ. ಒಂದೇ ವರ್ಗದಲ್ಲಿ ಇಬ್ಬರು ಪ್ರಥಮರು, ಇಬ್ಬರ ಉತ್ತರವೂ ಅಕ್ಷರಶಃ ಒಂದೇ: ಮೇಷ್ಟ್ರಾಗಿದ್ದವನಿಗೆ ಇದು ಕಾಪಿ ಹೊಡೆದ ಪ್ರಕರಣವೆಂದು ತಿಳಿಯಲು ತಡವಾಗುವುದಿಲ್ಲ. ವ್ಯತ್ಯಾಸ ಇಷ್ಟೇ. ಅವಳಿಯ ಸ್ಪ್ರಿಂಗು ಮೆತ್ತಗೆ, ಕ್ಯಾಬಿನ್ನು ಬಾಗಿಲು ಹಾಕಿದರೆ ನಿಶ್ಶಬ್ದ. ಜವಳಿಯ ಸ್ಪ್ರಿಂಗು ಸ್ವಲ್ಪ ಗಟ್ಟಿ, ಕ್ಯಾಬಿನ್ನಿನ ತಗಡು ಸ್ವಲ್ಪ ತೆಳು.

ಬೆಳಗಿನಿಂದ ಅವಳಿಯ ಗುಣಗಾನ ಮಾಡುತ್ತಿದ್ದೆ. "ಅವಳಿ ಅವಳಿ ಅಂತ ಅವಳ ಹಿಂದೆ ಬಿದ್ದಿದ್ದೀರಿ, ಇವಳು ಕಟ್ಟಿಕೊಟ್ಟ ಡಬ್ಬಿ ಹಾಗೇ ಇದೆ" ಎಂದಳು ಇವಳು. ಶ್ಲೇಷೆ ಅಂಟುರೋಗ.

ಮಾರ್ಚ್ 5, ಬುಧವಾರ

ಎರಡೂ ಶೋರೂಮಿನವರು ಗಾಡಿಯನ್ನು ಒಂದೊಂದು ದಿನ ಬಿಟ್ಟುಕೊಡಲು ಒಪ್ಪಿದ್ದಾರೆ. ನಾಳೆ ಅವಳಿಯ ಸರದಿ. ನಾನು ಕರಪತ್ರಗಳನ್ನು ಮುಂದಿಟ್ಟುಕೊಂಡು ಗುಣಾವಗುಣಗಳ ವಿಚಾರ ಮಂಡಿಸುತ್ತಿದ್ದಾಗ ಭಾವ, "ಎರಡೂ ಒಂದೇ ಥರ ಇವೆ ಮೇಷ್ಟ್ರೇ. ಗಾಜನ್ನೇ ಕೇಳೋಣ" ಎಂದರು.

ಅದು ಹೀಗೆ. ನಮ್ಮ ಅಂಗಡಿಯಲ್ಲಿ ಮಾವನವರ ಕಾಲದಿಂದಲೂ ದೊಡ್ಡ ಗಾಜು ಒಂಟಿಯಾಗಿ ಪ್ರಯಾಣ ಮಾಡುವುದಿಲ್ಲ. ತೊಟ್ಟಿಯಲ್ಲಿ ಇಳಿಜಾರಾದ ಮರದ ಚೌಕಟ್ಟಿಗೆ ಅದನ್ನು ಒರಗಿಸಿ ಕಟ್ಟುತ್ತೇವೆ. ಪಕ್ಕದಲ್ಲಿ ಒಬ್ಬರು ಗಾಜಿನ ಮೇಲೆ ಅಂಗೈಯಿಟ್ಟು ಕೂರಬೇಕು. ಒಡೆಯುವ ಮೊದಲು ಗಾಜು ಒಂದು ಥರ ನಡುಗುತ್ತದೆ. ಕಣ್ಣಿಗೆ ಕಾಣದು, ಕಿವಿಗೆ ಕೇಳದು, ಅಂಗೈಗೆ ಗೊತ್ತಾಗುತ್ತದೆ. ಆಗ ಮುಂದಿನ ಕ್ಯಾಬಿನ್ನಿನ ಮಾಡನ್ನು ತಟ್ಟಬೇಕು. ಒಂದು ಸಲ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸು. ಮೊದಲು ಮಾವನವರ ಅಂಗೈ, ಅವರ ನಂತರ ಅಳಿಯನದು. ವರದಕ್ಷಿಣೆ ಬೇಡವೆಂದವನಿಗೆ ಸಿಕ್ಕ ಆಸ್ತಿ.

ಅಂಗಡಿಯ ಹಳೆಯ ಮಾಸಲು ಕನ್ನಡಿಯನ್ನು ಕಟ್ಟಿಕೊಂಡು ಒಂದು ಸುತ್ತು ಬರೋಣವೆಂದು ಭಾವ. ನಾನು ಬಿಡಲಿಲ್ಲ. ನೃತ್ಯಶಾಲೆಯ ಗೋಡೆಗೆ ದೊಡ್ಡ ಕನ್ನಡಿಗಳು ಹೋಗಬೇಕಿವೆ, ಮೊದಲನೆಯದನ್ನು ನಾಳೆಯೇ ಸಾಗಿಸಿದರೆ ಪರೀಕ್ಷೆಗೆ ಪರೀಕ್ಷೆ, ಡೆಲಿವರಿಗೆ ಡೆಲಿವರಿ ಎಂದೆ.

"ಗೊತ್ತಿಲ್ಲದ ಗಾಡಿಯಲ್ಲಿ ಗಿರಾಕಿ ಮಾಲು ಬೇಡ ಅಂತ."

"ಭಾವ, ಮಾಸಲು ಕನ್ನಡಿ ಹೇರಿದ್ರೆ ನಾವು ಅಷ್ಟೇ ಮಾಸಲಾಗಿ ಗಾಡಿ ಓಡಿಸ್ತೀವಿ. ಪರೀಕ್ಷೆ ಅಂದ ಮೇಲೆ ನಿಜವಾದ ಭಯ ಇರಬೇಕು."

ತರ್ಕಕ್ಕೆ ಭಾವ ತಲೆಬಾಗಿದರು. ಬಹಳ ದಿನಗಳ ನಂತರ ಒಬ್ಬ ವಿದ್ಯಾರ್ಥಿ ಒಪ್ಪಿದ ತೃಪ್ತಿ.

ಮಾರ್ಚ್ 6, ಗುರುವಾರ

ಕನ್ನಡಿ ಒಡೆಯಿತು.

ನೀರಿನ ಪೈಪಿಗಾಗಿ ಅಗೆದು ಮುಚ್ಚಿದ ರಸ್ತೆಯಲ್ಲಿ. ಕೆಳಮೂಲೆಯಿಂದ ಒಂದು ಗೆರೆ ಹೊರಟು, ಅವಸರವೇನೂ ಇಲ್ಲದಂತೆ ಬಳುಕುತ್ತ ಮೇಲಂಚಿನವರೆಗೆ ಹೋಯಿತು. ಸದ್ದು ಕೇಳಿ ಭಾವ ಗಾಡಿ ನಿಲ್ಲಿಸಿ ಹಿಂದೆ ಬಂದರು. ಬಿರುಕಿನ ಪೂರ್ತಿ ಉದ್ದಕ್ಕೆ ಬೆರಳಾಡಿಸಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ತಟ್ಟಿದ್ರಾ ಮೇಷ್ಟ್ರೇ?" ಎಂದು ಕೇಳಿದರು. ಊಟ ಆಯ್ತಾ ಎಂದು ಕೇಳುವ ದನಿಯಲ್ಲೇ.

"ತಟ್ಟಿದೆ" ಎಂದೆ.

"ಎಷ್ಟು ಸಲ?"

"ಎರಡು ಸಲ."

ಭಾವ ಕ್ಯಾಬಿನ್ನಿನ ಮಾಡನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. "ಕೇಳಿಸಲೇ ಇಲ್ಲವಲ್ಲ" ಎಂದರು.

ನೃತ್ಯದ ಟೀಚರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಪರವಾಗಿಲ್ಲ, ಯಾರಿಗೂ ಗಾಜು ತಗುಲಲಿಲ್ಲ ತಾನೆ ಎಂದು ಕೇಳಿದರು. ಇಲ್ಲ ಎಂದೆ. ಇವತ್ತು ಸರಾಗವಾಗಿ ಉತ್ತರ ಹೇಳುವ ದಿನ.

ಮಾರ್ಚ್ 7, ಶುಕ್ರವಾರ

ತಟ್ಟಲಿಲ್ಲ.

ಇಲ್ಲಿಯಾದರೂ ಬರೆದುಬಿಡೋಣ, ಈ ಪುಸ್ತಕವನ್ನು ಓದುವವರು ಯಾರೂ ಇಲ್ಲ. ಕೈ ಗಾಜಿನ ಮೇಲಿರಲಿಲ್ಲ, ಫೋನಿನ ಮೇಲಿತ್ತು. ಜವಳಿಯ ಶೋರೂಮಿನ ಮಾರಾಟದ ಹುಡುಗಿ ಫೋಟೊ ಕಳಿಸಿ, 'ಬೂದು ಬಣ್ಣ ಇಷ್ಟವಾಯಿತೇ ಸರ್' ಎಂದು ಕೇಳಿದ್ದಳು. ಉತ್ತರವಾಗಿ ಒಂದು ಶ್ಲೇಷೆ ಬರೆಯುತ್ತಿದ್ದೆ. ಎರಡು ಕೈಯಲ್ಲೂ. ಒಂದು ಶ್ಲೇಷೆಗೆ ಒಂದು ಆಳೆತ್ತರದ ಕನ್ನಡಿ. ಅದೂ ಎರಡನೆಯ ದರ್ಜೆಯ ಶ್ಲೇಷೆ.

ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಅವರು ಕೇಳಿದರು, ಬಾಯಿ ಉತ್ತರಿಸಿತು. ಆಮೇಲೆ ಲೆಕ್ಕಕ್ಕೆ ಸರಿಯಾಗಲೆಂದು ಎರಡು ಸಲ ಎಂದೂ ಸೇರಿಸಿತು.

ನಾಳೆ ಹೇಳುತ್ತೇನೆ.

ಮಾರ್ಚ್ 10, ಸೋಮವಾರ

ಹೇಳುವ ಅಗತ್ಯ ಬೀಳಲಿಕ್ಕಿಲ್ಲ ಎನಿಸುತ್ತಿದೆ. ಭಾವ ತಪ್ಪನ್ನು ಅವಳಿಯ ಮೇಲೆ ಹೊರಿಸಿದ್ದಾರೆ. "ಆ ಗಾಡಿ ಬೇಡ. ಒಳಗೆ ಹತ್ತಿ ತುಂಬಿದ ಹಾಗಿದೆ. ಹಿಂದೆ ಕೂತೋರು ಸತ್ತರೂ ಗೊತ್ತಾಗಲ್ಲ" ಎಂದರು. ಜವಳಿಯ ತಗಡು ತೆಳು, ತಟ್ಟಿದರೆ ಕೇಳುತ್ತದೆ, ಆದ್ದರಿಂದ ಜವಳಿ.

ಗಾಡಿಗೆ ಮಾನವಿಲ್ಲ, ಹೋಗಲು. ಗಾಡಿಗೆ ಮನೆಯವರಿಲ್ಲ, ನೋಯಲು. ಒಂದು ಬಿಳಿಯ ಪಿಕಪ್ಪಿನ ಮೇಲೆ ಅಪವಾದ ಬಂದರೆ ಲೋಕವೇನೂ ಮುಳುಗುವುದಿಲ್ಲ. ಹೀಗೆಂದು ತರ್ಕಿಸಿ ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿದೆ.

ಸಂಜೆ ಭಾವ ಎಲ್ಲಿಗೋ ಹೋಗಿ ಬಂದರು. ಅವಳಿಯ ಶೋರೂಮಿಗೆ. ಬೇಡ ಎನ್ನುವ ಮೊದಲು ಖಚಿತ ಮಾಡಿಕೊಳ್ಳೋಣವೆಂದು ತಾವು ಒಳಗೆ ಕೂತು, ಬಾಗಿಲು ಹಾಕಿ, ಇಂಜಿನ್ ಚಾಲೂ ಮಾಡಿ, ಅಲ್ಲಿಯ ಟೈ ಕಟ್ಟಿದ ಹುಡುಗನನ್ನು ತೊಟ್ಟಿ ಹತ್ತಿಸಿ ಮಾಡು ತಟ್ಟಿಸಿದರಂತೆ.

"ಚೆನ್ನಾಗೇ ಕೇಳಿಸ್ತು ಮೇಷ್ಟ್ರೇ. ಗಾಡಿಯಲ್ಲಿ ಏನೂ ಐಬಿಲ್ಲ."

"ನಿಂತ ಗಾಡಿ ಬೇರೆ, ಓಡೋ ಗಾಡಿ ಬೇರೆ ಭಾವ."

"ಓಡಿಸಿಕೊಂಡೂ ನೋಡಿದೆ. ಪಾಪ ಆ ಹುಡುಗ ಟೈ ಹಾರಿಸಿಕೊಂಡು ತಟ್ಟಿದ. ಕೇಳಿಸ್ತು." ಕಿವಿ ಉಜ್ಜಿಕೊಳ್ಳುತ್ತ, "ನನ್ನ ಕಿವೀನೇ ಇರಬೇಕು. ಒಮ್ಮೊಮ್ಮೆ ಕೇಳುತ್ತೆ, ಒಮ್ಮೊಮ್ಮೆ ಇಲ್ಲವೇನೋ" ಎಂದರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಇವಳು ಕಿಟಕಿ ಗಾಜಿನ ಅಳತೆ ಕೇಳಿದಳು. ಅಳತೆ ಹೇಳಿದೆ.

ಮಾರ್ಚ್ 12, ಬುಧವಾರ

ಭಾವನನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ನಾನೇ ಒತ್ತಾಯ ಮಾಡಿದ್ದು. ಕಿವಿ ಸರಿಯಿದೆ ಎಂದು ಯಂತ್ರವೇ ಹೇಳಿದರೆ ಅವರ ಚಿಂತೆ ಕಳೆಯುತ್ತದೆ, ನಾನು ಏನೂ ಹೇಳಬೇಕಾಗಿಲ್ಲ. ಜಾಣತನದ ಉಪಾಯ.

ಪರೀಕ್ಷೆ ಮಾಡುವ ಹೆಂಗಸು ಅವರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಲು ಹೇಳಿದಳು. ಭಾವ ಶಾಲೆಯ ಮಗುವಿನಂತೆ ಬೆನ್ನು ನೆಟ್ಟಗೆ ಮಾಡಿ ಕೂತರು. ಕಣ್ಣು ಬಿಗಿಯಾಗಿ ಮುಚ್ಚಿ ಕೇಳುತ್ತಿದ್ದರು. ನಾನು ಹೊರಗೆ ಕೂತು ಅವರನ್ನು ನೋಡಿದೆ. ಅಷ್ಟು ಕಷ್ಟಪಟ್ಟು ಯಾರೂ ಏನನ್ನೂ ಕೇಳಿಸಿಕೊಂಡದ್ದನ್ನು ನಾನು ಕಂಡಿಲ್ಲ. ನನ್ನ ಪಾಠವನ್ನಂತೂ ಅಲ್ಲವೇ ಅಲ್ಲ.

"ನಿಮ್ಮ ವಯಸ್ಸಿನೋರಲ್ಲಿ ಇಷ್ಟು ಚೆನ್ನಾಗಿರೋ ಕಿವಿ ನೋಡೇ ಇಲ್ಲ ಯಜಮಾನ್ರೇ" ಎಂದಳು ಆಕೆ.

ಭಾವ ಎದ್ದು ಆ ಕೋಣೆಯ ಗಾಜಿನ ಅಂಚನ್ನು ಬೆರಳಿನಿಂದ ಒತ್ತಿ ನೋಡಿ, "ಇಲ್ಲಿ ರಬ್ಬರ್ ಬಿಟ್ಟಿದೆಯಮ್ಮ, ಹೊರಗಿನ ಸದ್ದು ಒಳಗೆ ಬರ್ತಿದೆ" ಎಂದರು. ಪರೀಕ್ಷೆಗೆ ಹೋದವರು ಆರ್ಡರ್ ಹಿಡಿದು ಬಂದರು. ಆಟೋದಲ್ಲಿ ನಾನು ನಕ್ಕೆ. ಅವರು ನಗಲಿಲ್ಲ.

"ಕಿವಿ ಸರಿಯಿದೆ ಅಂದ್ರೆ ಇನ್ನೂ ಕಷ್ಟ" ಎಂದರು. "ಕಿವಿ ಹೋಗಿದ್ರೆ ಮಿಷನ್ ಹಾಕ್ಕೋಬಹುದಿತ್ತು. ಕಿವಿ ಇದ್ದೂ ಕೇಳಿಸಲಿಲ್ಲ ಅಂದ್ರೆ, ಗಮನ ಹೋಗಿದೆ ಅಂತ. ಅದಕ್ಕೆಲ್ಲಿ ಮಿಷನ್ ಇದೆ?"

ಆಟೋದ ಸದ್ದಿನಲ್ಲಿ ನಾನು ಏನೋ ಅಂದೆ. ಏನೆಂದೆನೋ ನನಗೂ ಕೇಳಿಸಲಿಲ್ಲ.

ಮಾರ್ಚ್ 14, ಶುಕ್ರವಾರ

ಭಾವ ಗಾಡಿ ಓಡಿಸುವುದನ್ನು ಬಿಡುತ್ತಾರಂತೆ. ಇವತ್ತು ತಿಂಡಿಯ ಹೊತ್ತಿಗೆ ಹೇಳಿದರು. ಹೊಸ ಗಾಡಿ ಯಾವುದೇ ಆಗಲಿ, ಓಡಿಸುವವನು ನಾನು, ಹಿಂದೆ ಕೂರುವವರು ಅವರು.

"ಅವತ್ತು ಕನ್ನಡಿ ಹೋಯ್ತು. ನಾಳೆ ತಟ್ಟಿದ್ದು ಕೇಳದೆ ಯಾರಿಗಾದ್ರೂ ಗುದ್ದಿದ್ರೆ?" ಎಂದು ತಟ್ಟೆ ನೋಡುತ್ತ ಕೇಳಿದರು.

ಇವಳು ಅಣ್ಣನನ್ನು ಎಳೆಯ ಮಗುವಿನಂತೆ ನೋಡಿಕೊಳ್ಳತೊಡಗಿದ್ದಾಳೆ. ಕಿವಿ ಸರಿಯಿದೆ ಎಂದು ಎಷ್ಟು ಹೇಳಿದರೂ ಅವಳ ಗಂಟಲು ಕೇಳುವುದಿಲ್ಲ. "ಅಣ್ಣಾ, ಉಪ್ಪಿನ ಡಬ್ಬಿ ಕೊಡೂ" ಎಂದು ಇಡೀ ಬೀದಿಗೆ ಉಪ್ಪು ಬೇಕಾದವಳ ಹಾಗೆ ಕೂಗುತ್ತಾಳೆ.

"ಕಿವಿ ಇದೆ ಕಣೇ, ಕಿರುಚಬೇಡ."

"ಕಿರುಚ್ತಾ ಇಲ್ಲಾ, ಹೇಳ್ತಾ ಇದೀನೀ."

ನಾನೂ ಜೋರಾಗಿ ಮಾತಾಡುತ್ತಿದ್ದೇನೆಂದು ಆಮೇಲೆ ಗಮನಕ್ಕೆ ಬಂತು. ಸುಳ್ಳು ಹೇಳಿದವನಿಗೆ ತನ್ನ ಸುಳ್ಳಿನ ಮೇಲೆ ಇಷ್ಟು ಭಕ್ತಿ ಹುಟ್ಟಬಾರದು.

ಒಂದು ಮಾತು. ಕಾಲೇಜು ಮುಚ್ಚಿದ ದಿನ ನನಗೆ ಹೇಗಾಗಿತ್ತೋ ನೆನಪಿದೆ. ಬೀರುವಿನ ಕೀಲಿ ಒಪ್ಪಿಸಿ ಹೊರಗೆ ಬಂದಾಗ ಕೈ ಎಲ್ಲಿಡಬೇಕೆಂದು ತಿಳಿದಿರಲಿಲ್ಲ. ಭಾವ ಇವತ್ತು ತಿಂಡಿ ಮುಗಿಸಿ ಎದ್ದವರು ಅಂಗಡಿಯ ಮುಂದೆ, ಹಳೆಯ ಪಿಕಪ್ಪು ನಿಲ್ಲುತ್ತಿದ್ದ ಜಾಗದಲ್ಲಿ ನಿಂತಿದ್ದರು. ಅವರ ಕೈಯನ್ನು ನೋಡದೆ ಒಳಗೆ ಬಂದೆ.

ಮಾರ್ಚ್ 17, ಸೋಮವಾರ

ಇನ್ನೊಂದು ಉಪಾಯ ಹೂಡಿದೆ. ತೊಟ್ಟಿಯಿಂದ ಕ್ಯಾಬಿನ್ನಿಗೆ ಒಂದು ತಂತಿ ಎಳೆದು, ಸ್ಟೀರಿಂಗಿನ ಹತ್ತಿರ ಕೆಂಪು ಬಲ್ಬು ಮತ್ತು ಬೆಲ್ಲು ಇಡಿಸೋಣವೆಂದೆ. ತಟ್ಟುವ ಬದಲು ಗುಂಡಿ ಒತ್ತಿದರಾಯಿತು, ಭಾವನೇ ಓಡಿಸಬಹುದು.

"ಮಾಡು ತಟ್ಟಿದ್ದೇ ತಲೆಗೆ ಹೋಗದೋನಿಗೆ ಬೆಲ್ಲು ಹೋಗುತ್ತಾ?" ಎಂದರು. ನಗುತ್ತಲೇ ಅಂದರು. ಅದೇ ಕಷ್ಟ.

ಸಂಜೆ ಮೆಕ್ಯಾನಿಕ್ಕಿನ ಹಳೆಯ ಗಾಡಿಯಲ್ಲಿ ನನಗೆ ಪಾಠ. ಲೈಸೆನ್ಸ್ ಇದೆ, ಆದರೆ ಗಾಜು ಹೇರಿ ಓಡಿಸಿದವನಲ್ಲ. ಭಾವ ಪಕ್ಕದಲ್ಲಿ ಕೂತು ಕಲಿಸಿದರು. ಬ್ರೇಕನ್ನು ಕಾಲಿನಿಂದ ಹಾಕಬಾರದಂತೆ, ಕಣ್ಣಿನಿಂದ ಹಾಕಬೇಕಂತೆ. ದೂರದಲ್ಲಿ ಹಳ್ಳ ಕಂಡ ಕೂಡಲೇ ಗಾಡಿ ತಾನೇ ಸುಸ್ತಾಗಬೇಕು. ಗೇರು ಬದಲಾಯಿಸಿದ್ದು ಹಿಂದೆ ಕೂತವನಿಗೆ ಗೊತ್ತಾಗಬಾರದು. "ಹಿಂದೆ ಅಪ್ಪ ಕೂತಿದಾರೆ ಅಂದ್ಕೊಂಡು ಓಡಿಸ್ತಿದ್ದೆ ನಾನು. ಅಪ್ಪ ಹೋದ ಮೇಲೆ, ನೀವು ಕೂತಿದೀರಿ ಅಂತ."

ನಾನು ಗೇರು ಬದಲಾಯಿಸಿದೆ. ಎಲ್ಲರಿಗೂ ಗೊತ್ತಾಯಿತು.

ಮಾರ್ಚ್ 19, ಬುಧವಾರ

ಹೇಳಿದೆ. ಹೇಗಾಯಿತೆಂದು ಕ್ರಮವಾಗಿ ಬರೆಯುತ್ತೇನೆ.

ಜವಳಿಯ ಪರೀಕ್ಷೆಯ ದಿನ ಇವತ್ತು. ಅವಳಿಯಲ್ಲಿ ಐಬಿಲ್ಲವೆಂದು ಗೊತ್ತಾದ ಮೇಲೂ, ತಗಡು ತೆಳುವಿದ್ದರೇ ಕ್ಷೇಮವೆಂದು ಭಾವ ಜವಳಿಯನ್ನೇ ಹಿಡಿದಿದ್ದರು. ಇವಳು ಹೊಸದಾಗಿ ಕತ್ತರಿಸಿದ ಕನ್ನಡಿಯನ್ನು ಹೇರಿ ನೃತ್ಯಶಾಲೆಗೆ ಹೊರಟೆವು. ಭಾವ ಹಿಂದೆ ಕೂತು ಅಂಗೈಯಿಟ್ಟರು. ನಾನು ಸ್ಟೀರಿಂಗ್ ಹಿಡಿದೆ. ಫೋನನ್ನು ಮೇಜಿನ ಖಾನೆಯಲ್ಲೇ ಬಿಟ್ಟು ಹೋಗಿದ್ದೆ. ಈಚೆಗೆ ಅದು ಅಲ್ಲೇ ಇರುತ್ತದೆ.

ಗಾಡಿ ಓಡಿಸುವವನಿಗೆ ಮೈಯೆಲ್ಲ ಕಿವಿಯಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಬಾಗಿಲ ಜೇಬಿನಲ್ಲಿದ್ದ ನೀರಿನ ಬಾಟಲಿ, ಟೈರಿಗೆ ಸಿಕ್ಕ ಸಣ್ಣ ಕಲ್ಲು, ಪಕ್ಕದ ಬೈಕಿನ ಸಡಿಲವಾದ ನಂಬರ್ ಪ್ಲೇಟು, ಎಲ್ಲವೂ ಮಾಡನ್ನು ತಟ್ಟಿದಂತೆ ಕೇಳಿಸಿತು. ಜವಳಿ ಗಟ್ಟಿ ಗಾಡಿ. ಪ್ರತಿಯೊಂದು ಕುಳಿಯನ್ನೂ ಬೆನ್ನಿಗೆ ವರದಿ ಮಾಡುತ್ತಿತ್ತು. ಇದು ಗಾಜಿನ ಗಾಡಿಯಲ್ಲ, ಅವಳಿಯೇ ಗಾಜಿನ ಗಾಡಿ ಎಂದು ಮೊದಲ ತಿರುವಿನಲ್ಲೇ ತಿಳಿಯಿತು. ನನ್ನ ಒಂದು ಮಾತಿನಿಂದ ನಾವು ತಪ್ಪು ಗಾಡಿಯನ್ನು ಆರಿಸಿಕೊಂಡು ಕೂತಿದ್ದೆವು.

ಪೈಪಿನ ರಸ್ತೆ ಬಂತು. ನಿಧಾನ ಮಾಡಿದೆ. ಅರ್ಧ ದಾಟಿರಬಹುದು, ತಲೆಯ ಮೇಲೆ ಎರಡು ಸಲ ತಟ್ಟಿದ್ದು ಕೇಳಿಸಿತು. ಸ್ಪಷ್ಟವಾಗಿ. ಗಾಡಿ ನಿಲ್ಲಿಸಿ ಹಿಂದಕ್ಕೆ ಓಡಿದೆ.

ಭಾವ ಕನ್ನಡಿಯ ಮೇಲೆ ಕೈಯಿಟ್ಟು ಹಾಗೇ ಕೂತಿದ್ದರು. "ಯಾಕೆ ನಿಲ್ಲಿಸಿದ್ರಿ?"

"ನೀವು ತಟ್ಟಿದ್ರಲ್ಲ."

"ನಾನು ತಟ್ಟಲಿಲ್ಲ."

"ಎರಡು ಸಲ ಕೇಳಿಸ್ತು ಭಾವ."

"ಇಲ್ಲ ಮೇಷ್ಟ್ರೇ. ಗಾಜು ಆರಾಮಾಗಿದೆ, ನಾನ್ಯಾಕೆ ತಟ್ಟಲಿ?"

ಆಮೇಲೆ ಅವರ ಮುಖ ಅರಳಿತು. ಕನ್ನಡಿ ಒಡೆದ ಮೇಲೆ ಅವರು ಹಾಗೆ ನಕ್ಕದ್ದು ಇದೇ ಮೊದಲು. "ನೋಡಿ. ತಟ್ಟದೇ ಇದ್ದದ್ದು ನಿಮಗೆ ಕೇಳಿಸ್ತು. ತಟ್ಟಿದ್ದು ನನಗೆ ಕೇಳಿಸಲಿಲ್ಲ. ಇನ್ನು ಗಾಡಿ ನಿಮ್ಮದೇ, ನನಗೆ ಧೈರ್ಯ ಬಂತು." ಜೇಬಿನಿಂದ ಆ ಹಳದಿ ಬಟ್ಟೆಯನ್ನು ತೆಗೆದು ನನ್ನ ಕಡೆಗೆ ಚಾಚಿದರು. "ತಗೊಳ್ಳಿ. ಮುಂದಿನ ಗಾಜು ಒರೆಸೋಕೆ. ಬೇರೆ ಬಟ್ಟೆ ಗೆರೆ ಬೀಳಿಸುತ್ತೆ."

ಬಟ್ಟೆಗೆ ಕೈ ಒಡ್ಡಲು ಆಗಲಿಲ್ಲ.

"ಅವತ್ತು ನಾನೂ ತಟ್ಟಲಿಲ್ಲ ಭಾವ."

ಹಿಂದಿನಿಂದ ಒಂದು ಗಾಡಿ ಹಾರನ್ ಹಾಕಿತು. ಭಾವ ಅದಕ್ಕೆ ಮುಂದೆ ಹೋಗಲು ಕೈ ತೋರಿಸಿದರು. ಅದು ಹೋಗುವವರೆಗೆ ಕಾದು, "ಏನಂದೆ?" ಎಂದರು.

ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಇದುವರೆಗೆ ಇಲ್ಲ.

"ತಟ್ಟಲಿಲ್ಲ. ಕೈ ಗಾಜಿನ ಮೇಲೆ ಇರಲಿಲ್ಲ. ಫೋನಲ್ಲಿ ಬರೀತಿದ್ದೆ."

"ಏನು ಬರೀತಿದ್ದೆ?"

"ಏನೋ. ಒಂದು ತಮಾಷೆ."

"ಹೇಳು."

"ಭಾವ, ಅದನ್ನೀಗ..."

"ಕಿವಿ ಪರೀಕ್ಷೆ ಮಾಡಿಸಿಕೊಂಡು ಬಂದಿದೀನಲ್ಲ. ಹೇಳು, ಕೇಳ್ತೀನಿ."

ರಸ್ತೆಯ 'ಕಾಮಗಾರಿ ನಡೆದಿದೆ' ಎಂಬ ಫಲಕದ ಪಕ್ಕ ನಿಂತು ಹೇಳಿದೆ: ಬೂದು ಬಣ್ಣದ ಗಾಡಿ ತಗೊಂಡ್ರೆ ನಮ್ಮ ದುಡ್ಡೆಲ್ಲ ಬೂದಿ ಆಗಲ್ಲ ತಾನೆ?

ಭಾವ ಪೂರ್ತಿಯಾಗಿ ಕೇಳಿಸಿಕೊಂಡರು. ಆ ಗಾಜಿನ ಕೋಣೆಯಲ್ಲಿ ಕೂತಿದ್ದಾಗ ಇದ್ದಂತೆಯೇ ಇತ್ತು ಮುಖ. ಮುಂದೆ ಇನ್ನೇನಾದರೂ ಇದೆಯೇ ಎಂದು ಕಾದರು. ಇರಲಿಲ್ಲ.

ಬಟ್ಟೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ತೊಟ್ಟಿಯಿಂದ ಇಳಿದರು. "ಹಿಂದೆ ಹತ್ತು" ಎಂದು ಹೇಳಿ ಹೋಗಿ ಸ್ಟೀರಿಂಗ್ ಹಿಡಿದರು.

ನೃತ್ಯಶಾಲೆಯಲ್ಲಿ ಕನ್ನಡಿ ಇಳಿಸುವಾಗ, ಎತ್ತುವಾಗ, ಗೋಡೆಗೆ ಕೂರಿಸುವಾಗ ಒಂದು ಮಾತೂ ಇಲ್ಲ. ಕಣ್ಣಿನಲ್ಲೇ ಮೇಲೆ, ಕೆಳಗೆ, ಎಡಕ್ಕೆ. ಕನ್ನಡಿ ನಿಂತ ಮೇಲೆ ಅದರಲ್ಲಿ ನಾವಿಬ್ಬರೂ ತಲೆಯಿಂದ ಕಾಲಿನವರೆಗೆ ಕಂಡೆವು. ಟೀಚರು ಚೆನ್ನಾಗಿದೆ ಎಂದರು.

ಮಾರ್ಚ್ 21, ಶುಕ್ರವಾರ

ಭಾವ ಮಾತಾಡುತ್ತಿಲ್ಲ. ಮೊದಲೂ ಆಡುತ್ತಿರಲಿಲ್ಲ, ಆದರೆ ಈಗ ಆಡದಿರುವುದು ನನ್ನ ಜೊತೆ.

ಇವಳು ಖುಷಿಯಲ್ಲಿದ್ದಾಳೆ. "ಅಣ್ಣ ಮತ್ತೆ ಗಾಡಿ ಓಡಿಸ್ತಾನಂತೆ. ಕಿವಿಯಲ್ಲಿ ಗುಗ್ಗೆ ಕಟ್ಟಿತ್ತಂತೆ ಕಣ್ರೀ, ತೆಗೆದ ಮೇಲೆ ಎಲ್ಲ ಸರಿಹೋಯ್ತಂತೆ. ಆ ಪರೀಕ್ಷೆಯವಳಿಗೆ ಅಷ್ಟೂ ಕಾಣಲಿಲ್ವಾ?"

ಭಾವನೇ ಅವಳಿಗೆ ಹಾಗೆ ಹೇಳಿದ್ದಂತೆ. ಗುಗ್ಗೆ.

ಮಾರ್ಚ್ 22, ಶನಿವಾರ

ಇವಳಿಗೂ ಹೇಳಿದೆ. ಗಾಜು ಕತ್ತರಿಸುತ್ತಿದ್ದಳು. ಗೆರೆ ಎಳೆದು ಮುಗಿಸುವವರೆಗೆ ತಲೆ ಎತ್ತಲಿಲ್ಲ.

"ನಾನು ಅವನ ಹತ್ರ ಎಷ್ಟು ಕಿರುಚಿದೆ ಗೊತ್ತೇನ್ರೀ" ಎಂದಳು. ಆಮೇಲೆ ಗಾಜನ್ನು ಮೇಜಿನ ಅಂಚಿಗಿಟ್ಟು ಮುರಿದಳು. ನೇರವಾಗಿ ಮುರಿಯಿತು.

ಮಾರ್ಚ್ 25, ಮಂಗಳವಾರ

ಅವಳಿಯನ್ನು ಬುಕ್ ಮಾಡಿದೆವು. ಭಾವ ಇವಳಿಗೆ, "ಬಿಳಿಯದನ್ನೇ ತಗೊಳ್ಳೋಣ, ಅದರ ಮೇಲೆ ಸುಮ್ಮನೆ ತಪ್ಪು ಹೊರಿಸಿದ್ವಿ" ಎಂದರು. ನಾನು ಅಲ್ಲೇ ಇದ್ದೆ.

ಟೈ ಕಟ್ಟಿದ ಹುಡುಗನಿಗೆ, ಅವತ್ತು ತೊಟ್ಟಿಯಲ್ಲಿ ನಿಂತು ತಟ್ಟಿದ್ದಕ್ಕೆ ಥ್ಯಾಂಕ್ಸ್ ಎಂದೆ. ಗಿರಾಕಿಗಳು ಏನೇನೋ ಕೇಳುತ್ತಾರೆ ಸರ್ ಎಂದ. ಜವಳಿಯ ಹುಡುಗಿಗೆ ನಾನೇ ಹೋಗಿ ಬೇಡವೆಂದು ಹೇಳಿ ಬಂದೆ. ಏನು ಕೊರತೆಯಾಯಿತು ಎಂದು ಕೇಳಿದಳು. ಗಾಡಿಯಲ್ಲಿ ಕೊರತೆಯಿಲ್ಲ ಎಂದೆ. ದಿನಚರಿ ಇನ್ನೊಂದು ಬೇಕಾ ಎಂದಳು. ಬೇಡ ಎಂದೆ.

ಮಾರ್ಚ್ 28, ಶುಕ್ರವಾರ

ಅವಳಿ ಬಂತು. ನೃತ್ಯಶಾಲೆಯ ಕೊನೆಯ ಕನ್ನಡಿಯನ್ನು ಇವತ್ತು ಅದರಲ್ಲೇ ಸಾಗಿಸಿದೆವು. ಹಳದಿ ಬಟ್ಟೆ ಮುಂದಿನ ಗಾಜಿನ ಕೆಳಗೆ, ಭಾವನ ಕೈಗೆ ಸಿಗುವ ಕಡೆ ಮಡಚಿ ಕೂತಿದೆ.

ನಾನು ಹಿಂದೆ ಕೂತು ಅಂಗೈಯಿಟ್ಟೆ. ಮೆತ್ತನೆಯ ಗಾಡಿ. ಭಾವ ಗೇರು ಬದಲಾಯಿಸಿದ್ದು ಗೊತ್ತೇ ಆಗುವುದಿಲ್ಲ. ಇಷ್ಟು ಕಾಲ ಇದನ್ನು ನಾನು ಗಮನಿಸಿರಲೇ ಇಲ್ಲ. ಗಾಜಿಗೆ ತನ್ನದೇ ಒಂದು ಸಣ್ಣ ಗುಂಯ್ ಇರುತ್ತದೆ. ಡಾಂಬರಿನ ಮೇಲೆ ಒಂದು ಥರ, ಕಾಂಕ್ರೀಟಿನ ಮೇಲೆ ಇನ್ನೊಂದು ಥರ, ಎದುರಿನಿಂದ ದೊಡ್ಡ ಬಸ್ಸು ಬಂದರೆ ಒಂದು ಕ್ಷಣ ಉಸಿರು ಹಿಡಿದ ಹಾಗೆ.

ಪೈಪಿನ ರಸ್ತೆ ಬಂತು. ಭಾವ ಆಗಲೇ ನಿಧಾನ ಮಾಡಿದ್ದರು. ಗಾಜು ಆರಾಮಾಗಿತ್ತು. ತಟ್ಟುವ ಕಾರಣವೇ ಇರಲಿಲ್ಲ.

ಎಡಗೈಯನ್ನು ಕನ್ನಡಿಯ ಮೇಲೆ ಹಾಗೇ ಬಿಟ್ಟು, ಬಲಗೈಯಿಂದ ಮಾಡನ್ನು ಎರಡು ಸಲ ತಟ್ಟಿದೆ. ಜೋರಾಗಿ ಅಲ್ಲ.

ಗಾಡಿ ಪಕ್ಕಕ್ಕೆ ಸರಿದು ನಿಂತಿತು. ಭಾವ ಇಳಿದು ಹಿಂದೆ ಬಂದರು. ಕನ್ನಡಿಯ ಕೆಳಮೂಲೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು, ಹಗ್ಗ ಎಳೆದು ನೋಡಿದರು.

"ಏನಾಯ್ತು?"

ಅವತ್ತಿನ ನಂತರ ನನ್ನ ಜೊತೆ ಆಡಿದ ಮೊದಲ ಮಾತು.

"ಏನೂ ಆಗಿಲ್ಲ ಭಾವ."

"ಮತ್ತೆ ಯಾಕೆ ತಟ್ಟಿದ್ದು?"

"ಕೇಳಿಸುತ್ತಾ ಅಂತ."

ನನ್ನ ಮುಖ ನೋಡಿದರು. ಆಮೇಲೆ ನನ್ನ ಎಡಗೈಯನ್ನು, ಅದು ಎಲ್ಲಿದೆ ಎಂದು, ನೋಡಿದರು.

"ಬಿಳಿ ಬಣ್ಣಕ್ಕೆ ಯಾವ ತಮಾಷೆಯೂ ಇಲ್ವಾ?" ಎಂದು ಕೇಳಿದರು.

ಯೋಚಿಸಿದೆ. ನಿಜವಾಗಿಯೂ ಏನೂ ಹೊಳೆಯಲಿಲ್ಲ.

"ಇಲ್ಲ ಭಾವ."

"ಒಳ್ಳೇದಾಯ್ತು" ಎಂದು ತಿರುಗಿ ನಡೆದರು. ಬಾಗಿಲು ತೆಗೆದು, ಒಂದು ಕಾಲು ಒಳಗಿಟ್ಟ ಮೇಲೆ, ಅಲ್ಲಿಂದಲೇ ಹೇಳಿದರು: "ಕೈ ಇಡಿ ಮೇಷ್ಟ್ರೇ, ಹೊರಡೋಣ."